ಗೆರೆ

ದಕ್ಕೆಯಲ್ಲಿ ತೇಡೆ ಮೀನು ಆಯುವಾಗ
ಮುಳ್ಳು ಹೊಕ್ಕಿದ್ದು ಮೊನ್ನೆ.
ಅರಸಿನ ಮೆತ್ತಿ, ಚಿಂದಿ ಸುತ್ತಿ
ಎರಡು ದಿನ ಬುಟ್ಟಿ ಹೊತ್ತ ವಾರಿಜಕ್ಕ
ಈಗ ನನ್ನ ವಾರ್ಡಿನ ಏಳನೇ ಮಂಚ.

ಮೊಣಕೈವರೆಗೆ ಕೆಂಪು. ಮುಟ್ಟಿದರೆ ಕಾವಲಿ.

ಕೆಂಪಿನ ಅಂಚು ಹಿಡಿದು
ನೀಲಿ ಪೆನ್ನಿನಲ್ಲಿ ಗೆರೆ ಎಳೆದು
ಪಕ್ಕದಲ್ಲಿ ಬರೆದೆ: ರಾತ್ರಿ ಒಂಬತ್ತು ಹತ್ತು.
"ಸರ್ಪಸುತ್ತಿಗೆ ನಮ್ಮಜ್ಜಿ ಕೆಮ್ಮಣ್ಣಲ್ಲಿ
ಹೀಗೇ ಬರೀತಿದ್ರು. ಎಂತ ಮಂತ್ರ, ಸಿಸ್ಟರೇ?"
"ಆರು ಗಂಟೆಗೊಮ್ಮೆ" ಎಂದೆ,
ಡ್ರಿಪ್ಪಿನ ಚಕ್ರ ತಿರುಗಿಸುತ್ತ.

ಹನ್ನೆರಡಕ್ಕೆ ಒಂದು ಬೆರಳು ದಾಟಿತ್ತು.
ಇನ್ನೊಂದು ಗೆರೆ. ಡಾಕ್ಟರಿಗೆ ಫೋನು.
"ಉಪ್ಪುನೀರಿನ ಗಾಯವಾ? ಮೊದಲೇ ಹೇಳ್ಲಿಕ್ಕೆ ಆಗುದಿಲ್ವಾ?"
ಮದ್ದು ಬದಲಾಯಿತು.

ಮೂರನೇ ಬೆಳಗು, ಐಸ್ ಲಾರಿಯ ಸದ್ದಿಗೆ ಎದ್ದು
ಕೈ ಚಾಚಿದಳು.
ಎರಡೂ ಗೆರೆ ಒಣಗಿ ನಿಂತಿವೆ,
ಕೆಂಪು ಎಲ್ಲೋ ಕೆಳಗೆ, ಮಣಿಕಟ್ಟಿನ ಹತ್ತಿರ.
"ಇಳಿತ" ಅಂದಳು.

ಸ್ಪಿರಿಟ್ಟಿನ ಹತ್ತಿ ಹಿಡಿದು ಬಂದರೆ
ಒರೆಸಲು ಬಿಡಲಿಲ್ಲ.