ಕೊಟೇಶನ್

ಪೆರ್ಲ ಪೇಟೆ, ಝೆರಾಕ್ಸ್ ಅಂಗಡಿಯ ಮಾಳಿಗೆ.
ಶಂನಾದ್ ಬರೆದುಕೊಟ್ಟ ಚೀಟಿ:
ಐದು ಪುಟಕ್ಕೆ ಇಷ್ಟು. ಕನ್ನಡವೂ ಬೇಕಾದರೆ
ಇನ್ನಿಷ್ಟು. ಮಲಯಾಳಕ್ಕೆ ಮತ್ತಷ್ಟು.
ತುಳುವಿಗೆ? ಕೇಳಿದರು ಐತಪ್ಪ ಮಾಸ್ತರರು.
ಅವನು ಪೆನ್ನು ಕಚ್ಚಿದ.

ನಮ್ಮ ಸಂಘದ ಆಸ್ತಿ ಹನ್ನೊಂದು ಗಾಲಿಕುರ್ಚಿ,
ನಾಲ್ಕು ನೀರುಹಾಸಿಗೆ, ಒಂದು ಕಪ್ಪು ರಟ್ಟಿನ ಪುಸ್ತಕ:
ಯಾರ ಮನೆಗೆ ಹೋಯಿತು, ಎಂದು ಮರಳಿತು.
ಮರಳಿತು ಎಂದರೇನೆಂದು
ಬರೆಯುವ ವಾಡಿಕೆಯಿಲ್ಲ.

'ದುಡ್ಡು ಏರುವುದು ಪುಟಕ್ಕಲ್ಲ ಅಕ್ಕಾ,
ನೀವು ಮನಸ್ಸು ಬದಲಿಸಿದಾಗ.'
ನಿಜವೇ. ಲಾಂಛನದ ಬಣ್ಣಕ್ಕೇ ನಮಗೆ ಮೂರು ಸಭೆ,
ಎರಡು ಫ್ಲಾಸ್ಕ್ ಚಹಾ, ಒಂದು ರಾಜೀನಾಮೆ.

ಫೋಟೊ ನಾವೇ ಕೊಟ್ಟರೆ ಕಡಿಮೆ;
ಅಳುವ ಮುಖವಿದ್ದರೆ ಜನ ಬೇಗ ಕೊಡುತ್ತಾರಂತೆ.
ಬೀಫಾತಿಮ್ಮ ನೆನಪಾದರು.
ಕುರ್ಚಿ ಇಳಿಸುವಾಗ ತಟ್ಟ ಮುಖಕ್ಕೆಳೆದುಕೊಂಡು
'ಆಟೋದವನಿಗೆ ಎಷ್ಟಾಯ್ತು?' ಎಂದವರು,
ದಿಂಬಿನಡಿ ತಡಕುತ್ತ.

ಆ ಸಾಲು ಹೊಡೆದುಹಾಕಿದೆ.
ಬರೀ ಕುರ್ಚಿಯ ಚಿತ್ರ ಸಾಕು, ಗಾಲಿ ಒರೆಸಿ ತೆಗೆಯುವಾ.

ಮೆಟ್ಟಿಲಿಳಿಯುವಾಗ ಮೇಲಿಂದ ಕೂಗಿದ:
ಒಂದು ಮರೆತೆ,
ಹೆಸರು ಉಳಿಯಬೇಕಾದರೆ
ವರ್ಷವರ್ಷವೂ ಕಟ್ಟಬೇಕು.

ಪುಸ್ತಕ ನನ್ನ ಚೀಲದಲ್ಲೇ ಇತ್ತು.
ಭಾರ ಸ್ವಲ್ಪ ಈ ಹೆಗಲಿಗೆ ಬದಲಿಸಿದೆ.