ಗಾಜಿನ ಬಾಟಲಿ

ಘಾಟ್ಕೋಪರಿನಲ್ಲಿ ಡೈರಿ ತೆರೆಯುವುದು ಐದೂವರೆಗೆ.
ಒಂದು ಕೈಯಲ್ಲಿ ನೀಲಿ ಪ್ಯಾಕೆಟ್ಟು,
ಮೀನಿನಂತೆ ತಣ್ಣಗೆ, ಜಾರುತ್ತ;
ಇನ್ನೊಂದರಲ್ಲಿ ಗಾಜಿನ ಬಾಟಲಿ,
ಕೊರಳಲ್ಲೊಂದು ಚೀಟಿ:
ಹಸುವಿನ ಹೆಸರು ಚಂದ್ರಿ, ತಿಂದದ್ದು ಬರೀ ಹುಲ್ಲು,
ಸೂಜಿ ಕಂಡವಳಲ್ಲ.
ಲೀಟರಿಗೆ ನೂರಾ ಹತ್ತು. ಠೇವಣಿ ಬೇರೆ.

ನನ್ನ ಪ್ಯಾಕೆಟ್ಟಿನಲ್ಲಿ ಸಾವಿರ ಹಸುಗಳಿರಬೇಕು,
ಒಂದಕ್ಕೂ ಹೆಸರಿಲ್ಲ.

"ಬೋಲೋ ಬೆನ್," ಅಂದ ಲಾಲ್ಜೀಭಾಯಿ. ಹಿಂದೆ ಸಾಲು ಬೆಳೆದಿತ್ತು.
ಎರಡನ್ನೂ ಕೊಂಡೆ.

ಕರೆಂಟ್ ಬಿಲ್ಲಿನ ಬೆನ್ನ ಮೇಲೆ ತಿಂಗಳ ಲೆಕ್ಕ:
ವ್ಯತ್ಯಾಸವೇ ಸಾವಿರದ ಆರುನೂರು ಚಿಲ್ಲರೆ,
ಶರ್ವರಿಯ ಬಾಲವಾಡಿಯ ಅರ್ಧ ಫೀಸು.
ಚೀಟಿಯನ್ನು ಮತ್ತೊಮ್ಮೆ ಓದುತ್ತಿದ್ದೆ, ಅಷ್ಟರಲ್ಲಿ
ಎರಡೂ ಪಾತ್ರೆ ಒಟ್ಟಿಗೇ ಉಕ್ಕಿ
ಒಲೆಕಟ್ಟೆಯ ಮೇಲೆ ಬೆರೆತುಹೋದವು.
ಸೀದ ವಾಸನೆ ಒಂದೇ.

ಶರ್ವರಿ ಎದ್ದು ಬಂದಳು, ಕಣ್ಣುಜ್ಜುತ್ತ.
ಎರಡು ಲೋಟ ಇಟ್ಟೆ, ಉಸಿರು ಹಿಡಿದು.
ಇದರಿಂದ ಒಂದು ಗುಟುಕು, ಅದರಿಂದ ಒಂದು.
"ಕೆನೆ ತೆಗಿ" ಅಂದಳು
ಎರಡಕ್ಕೂ.

ಬಾಟಲಿ ತೊಳೆದು ಕಿಟಕಿಯಲ್ಲಿಟ್ಟಿದ್ದೇನೆ.
ಮರಳಿಸಿದರೆ ಇಪ್ಪತ್ತು ರೂಪಾಯಿ ಬರುತ್ತದೆ,
ತುಂಬಿಸಿಕೊಂಡರೆ ಬರುವುದಿಲ್ಲ.
ಎಷ್ಟು ತಿಕ್ಕಿದರೂ ತಳದಲ್ಲಿ
ಬೆಳ್ಳನೆಯ ಒಂದು ಉಂಗುರ.
ಅಲಾರಂ ಐದಕ್ಕೇ ಇಟ್ಟೆ.