ಕಾರ್ಡಿನ ಪಟ್ಟಿ

ಮೊದಲ ವರ್ಷ ಹನ್ನೊಂದೇ ಹೆಸರು.
ವೈಟ್‌ಹೇವನ್ನಿನ ಗಣಿ ಸಂಘದ ಎಲೈಜಾ ಮೌನ್ಸಿ,
ಚುನಾವಣೆಯ ಠೇವಣಿಗೆ ತನ್ನ ಹೊಲಿಗೆಯಂತ್ರ ಅಡವಿಟ್ಟ
ಬೂಟು ರಿಪೇರಿಯವನು,
ಪ್ರಾರ್ಥನಾ ಮಂದಿರದ ಇಬ್ಬರು ವಿಧವೆಯರು,
ಒಬ್ಬ ಹಲ್ಲಿನ ಡಾಕ್ಟರು, ಯಾಕೋ ನೆನಪಿಲ್ಲ.
ಥ್ವೇಟ್ ಸಾಹೇಬರು, ಆಗಿನ್ನೂ ಬರೀ ಆಂಬ್ರೋಸ್,
ನನ್ನ ಅಡುಗೆಮನೆಯ ಮೇಜಿಗೆ ಕೂತು
ಅಂಚೆಚೀಟಿ ತಾವೇ ನೆಕ್ಕಿ ಅಂಟಿಸಿದರು.
ನಾಲಿಗೆಯೆಲ್ಲ ಗೋಂದು ಎಂದು ನಕ್ಕರು.

ನಾನು ಈನಿಡ್ ಗಾರ್‌ಸ್ಟಾಂಗ್. ಪಟ್ಟಿ ನನ್ನದು.
ಮೂವತ್ತೊಂದು ಡಿಸೆಂಬರು
ಸೇರಿಸಿದವಳೂ ನಾನೇ, ಗೀಟು ಹಾಕಿದವಳೂ ನಾನೇ.

ಪಾರ್ಲಿಮೆಂಟಿಗೆ ಬಂದಾಗ ಅರವತ್ತನಾಲ್ಕು.
ಮಂತ್ರಿಯಾದಾಗ ಮುನ್ನೂರು ಚಿಲ್ಲರೆ.
ಆಮೇಲೆ ಆ ಕರಿಬಾಗಿಲ ಮನೆಗೆ ಹೋದೆವು.
ಸಾವಿರದ ನಾನೂರು; ಸಹಿಯೂ ಅಚ್ಚಿನದು.
ಪಕ್ಷದ ಸಚೇತಕ ಪೆನ್ಸಿಲ್ ಹಿಡಿದು ಬರುತ್ತಿದ್ದ:
ಇವರನ್ನು ಮೇಲಿಡು, ಇವರನ್ನು ಕೆಳಗೆ,
ಇವರಿಗೆ ದೊಡ್ಡ ಅಳತೆಯ ಕಾರ್ಡು.
ಪತ್ರಿಕೆ ಒಡೆಯ ಲಾರ್ಡ್ ಪೆನ್‌ಹ್ಯಾಲೋನ ಹೆಂಡತಿಯ ಹೆಸರಲ್ಲಿ
ಒಂದಕ್ಷರ ತಪ್ಪಿಸಿದ್ದೆ ಒಮ್ಮೆ.
ಜನವರಿಯ ಸಂಪಾದಕೀಯ ಕಹಿಯಾಗಿತ್ತು.
ಕಾರಣ ಅದೇ ಇರಲಿಕ್ಕಿಲ್ಲ.
ಆದರೂ ಹದಿನೈದು ದಿನ ನನಗೆ ನಿದ್ದೆಯಿಲ್ಲ.

ಸಮುದ್ರದಡಿ ಮೂರು ಮೈಲಿ ಚಾಚಿದ್ದ ಆ ಗಣಿ
ಮುಚ್ಚುವ ಕಾಗದಕ್ಕೆ ಅವರು ಸಹಿ ಹಾಕಿದ ವರ್ಷ
ಮೌನ್ಸಿಯ ಕಾರ್ಡು ತಿರುಗಿ ಬಂತು.
ಲಕೋಟೆಯ ಮೇಲೆ:
'ಈ ವಿಳಾಸದಲ್ಲಿ ಅಂಥವರು ಯಾರೂ ಇಲ್ಲ.'
ಬರಹ ಮೌನ್ಸಿಯದೇ.
ನನಗೆ ಗೊತ್ತು, ಸಂಘದ ಠರಾವು ಟೈಪು ಮಾಡಿದವಳಿಗೆ
ಆ ಬಾಲ ಸುತ್ತಿದ ಅಕ್ಷರ.

ಸಾಹೇಬರಿಗೆ ತೋರಿಸಲಿಲ್ಲ.
ಮರುವರ್ಷ ಮತ್ತೆ ಕಳಿಸಿದೆ. ಮತ್ತೆ ಬಂತು.
'ಮೌನ್ಸಿಯ ಕಾರ್ಡು ಬಂತೇ ಈನಿಡ್?'
ಪ್ರತಿ ವರ್ಷ, ಕೋಟು ಹಾಕಿಕೊಳ್ಳುತ್ತ, ಬಾಗಿಲಲ್ಲಿ ನಿಂತು.
ಉತ್ತರದ ಅಂಚೆ ತಡ ಸಾರ್, ಹಿಮ ಬಿದ್ದಿದೆ ಎನ್ನುತ್ತಿದ್ದೆ.
ಹಿಮ ಬೀಳದ ವರ್ಷವೂ.

ಒಂದು ಗುರುವಾರ ಹಿಂಬಾಗಿಲಿಗೆ ಸಾಮಾನಿನ ಲಾರಿ.
ಗಾಳಿ ಬಂದ ಕಡೆ ತೂರಿಕೊಂಡವರು
ತೂರಿಕೊಂಡರು, ಅದರಲ್ಲೇನು ವಿಶೇಷ.
ಆ ಡಿಸೆಂಬರಿಗೆ ಬಂದದ್ದು ಒಂಬತ್ತು:
ಒಂದು ಹಲ್ಲಿನ ಡಾಕ್ಟರ ಮಗಳದು,
ಒಂದು ಎದುರು ಪಕ್ಷದ ಮುದುಕನದು,
ಮೂವತ್ತು ವರ್ಷ ಬೈದವನು; ಜೊತೆಗೆ ಒಂದು ಬಾಟಲಿ ವಿಸ್ಕಿ.

ಈಗ ಮತ್ತೆ ನನ್ನ ಅಡುಗೆಮನೆ, ಅದೇ ಮೇಜು.
ಅವರ ಕೈ ನಡುಗುತ್ತದೆ, ಚೀಟಿ ಓರೆ ಕೂರುತ್ತದೆ.
ಕೊನೆಯ ಲಕೋಟೆಗೆ ಪಟ್ಟಿ ನೋಡಲಿಲ್ಲ:
ಏಳು, ಕೆಲ್ಸ್ ಲೇನ್, ಎಲೈಜಾ ಮೌನ್ಸಿ.
ಮೌನ್ಸಿ ತೀರಿ ನಾಲ್ಕು ವರ್ಷ.
ಪೇಪರಿನಲ್ಲಿ ಎರಡು ಸಾಲು ಬಂದಿತ್ತು,
ಓದಿದ್ದು ಅವರೇ, ನನಗೆ ಕೇಳಿಸುವಂತೆ.

ಸುಮ್ಮನೆ ಅಂಚೆಪೆಟ್ಟಿಗೆಗೆ ಹಾಕಿ ಬಂದೆ.

ಜನವರಿಯಲ್ಲಿ ತಿರುಗಿ ಬಂತು.
ಈ ಸಲ ಕೈಬರಹ ಇರಲಿಲ್ಲ,
ಅಂಚೆ ಇಲಾಖೆಯ ನೇರಳೆ ಮುದ್ರೆ ಅಷ್ಟೇ.
ಮಿಕ್ಕವುಗಳ ಜೊತೆ ಕಟ್ಟಿಟ್ಟೆ,
ಹದಿನೇಳನೆಯದು.